ಅರ್ಜಿಯ ಋತು

ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರ ಸೀಮೆಯಲ್ಲಿ ಆಶ್ವಯುಜ ಕಳೆದು ಕಾರ್ತಿಕ ಬರುವ ವೇಳೆಗೆ ಸೋಯಾ ಕಟಾವಾಗಿ ರಾಶಿ ಮುಗಿದಿರುತ್ತದೆ, ತೊಗರಿ ಹೂವಿಗೆ ಬಂದಿರುತ್ತದೆ, ಹಿಂಗಾರಿ ಜೋಳ ಕಡಲೆಗಳ ಬಿತ್ತನೆಯು ಮನೆಮಂದಿಯನ್ನೆಲ್ಲ ಹೊಲದತ್ತ ಎಳೆಯುತ್ತಿರುತ್ತದೆ. ಆ ಮನೆಯಲ್ಲಿ ದ್ವಿತೀಯ ಪಿಯುಸಿ ಓದುತ್ತಿರುವ ಮಗಳೋ ಮಗನೋ ಇದ್ದರೆ, ಮುಂದೆ ಯಾವ ಕಾಲೇಜು, ಯಾವ ವಿದ್ಯೆ ಎಂಬ ಪ್ರಶ್ನೆಯನ್ನು ವಾರ್ಷಿಕ ಪರೀಕ್ಷೆ ಮುಗಿದು ಫಲಿತಾಂಶ ಹೊರಬೀಳುವವರೆಗೆ ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. ಅಂಕ ಬರಲಿ, ಆಮೇಲೆ ನೋಡೋಣವೆಂಬುದು ತಲೆಮಾರುಗಳಿಂದ ನಡೆದುಬಂದ ರೂಢಿ; ಊರ ಸಮೀಪದ ಪದವಿ ಕಾಲೇಜಿನ ಮಟ್ಟಿಗೆ ಆ ರೂಢಿಯಿಂದ ವಿಶೇಷ ಹಾನಿಯೂ ಇಲ್ಲ. ಆದರೆ ಕೆಲವೇ ಸ್ಥಾನಗಳಿಗೆ ಲಕ್ಷಾಂತರ ಮಂದಿ ಪೈಪೋಟಿ ನಡೆಸುವ ಶ್ರೇಷ್ಠ ವಿದ್ಯಾಸಂಸ್ಥೆಗಳಲ್ಲಿ ಹಲವು, ನಮ್ಮ ರೈತನು ಸೋಯಾ ಚೀಲಗಳನ್ನು ಮಂಡಿಗೆ ಸಾಗಿಸುತ್ತಿರುವ ಆ ವಾರಗಳಲ್ಲಿಯೇ ಅರ್ಜಿಯನ್ನು ಕರೆದು, ಅವನು ತೊಗರಿಯನ್ನು ಕೊಯ್ಯುವ ಮೊದಲೇ ಅವಧಿಯನ್ನು ಮುಗಿಸಿಬಿಟ್ಟಿರುತ್ತವೆ. ಈ ಸಂಗತಿಯು ಬೆಂಗಳೂರಿನ ಬಡಾವಣೆಯೊಂದರ ತಾಯಿತಂದೆಗಳಿಗೆ ಎರಡು ವರ್ಷ ಮುಂಚೆಯೇ ತಿಳಿದಿರುವುದು, ಕೊಹಿನೂರದ ತಾಯಿತಂದೆಗಳಿಗೆ ಎರಡು ತಿಂಗಳು ತಡವಾಗಿ ತಿಳಿಯುವುದು. ಬುದ್ಧಿಯಲ್ಲಿ ಸಮಾನರಾದ ಇಬ್ಬರು ಮಕ್ಕಳ ನಡುವೆ ಅಂತರವನ್ನು ಹುಟ್ಟಿಸುವ ಕಾರಣಗಳಲ್ಲಿ ಇದು ಅಷ್ಟಾಗಿ ಚರ್ಚೆಗೆ ಬಾರದ, ಆದರೆ ಅತ್ಯಂತ ಸುಲಭವಾಗಿ ಪರಿಹರಿಸಬಹುದಾದ ಕಾರಣವೆಂದು ನಾನು ನಂಬಿದ್ದೇನೆ.

ಕಾನೂನು ವ್ಯಾಸಂಗದ ಉದಾಹರಣೆಯನ್ನೇ ಮೊದಲು ತೆಗೆದುಕೊಳ್ಳೋಣ. ಚಾಲುಕ್ಯರ ರಾಜಧಾನಿಯಾಗಿದ್ದ ಈ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು; ದಾಯಭಾಗದ ವಿಷಯದಲ್ಲಿ ಬಂಗಾಳವೇ ಮೊದಲಾದ ಕೆಲವು ಭಾಗಗಳನ್ನುಳಿದು ಭಾರತದ ಬಹುಭಾಗದ ನ್ಯಾಯಾಲಯಗಳು ಶತಮಾನಗಳ ತರುವಾಯವೂ ಆ ಗ್ರಂಥವನ್ನೇ ಪ್ರಮಾಣವೆಂದು ಅಂಗೀಕರಿಸಿದುವು. ಅದೇ ಆಸ್ಥಾನವನ್ನರಸಿ ಕಾಶ್ಮೀರದಿಂದ ಬಿಲ್ಹಣನು ಬಂದನು. ವಿದ್ಯೆಗಾಗಿ ದೂರದವರು ಕಲ್ಯಾಣಕ್ಕೆ ಬರುತ್ತಿದ್ದ ಆ ಕಾಲ ಹೋಗಿ ಎಷ್ಟೋ ಶತಮಾನಗಳಾದುವು. ಇಂದು ಈ ನೆಲದ ಬಾಲಕಿಯೊಬ್ಬಳು ನ್ಯಾಯಶಾಸ್ತ್ರವನ್ನು ದೇಶದ ಉತ್ತಮ ಗುರುಗಳಲ್ಲಿ ಓದಬಯಸಿದರೆ, ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಗೆ ಅವಳೇ ಹೋಗಬೇಕು. ಅದರ ಐದು ವರ್ಷದ ಪದವಿಗೆ ಕ್ಲ್ಯಾಟ್ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಬರೆಯಬೇಕು. ಆ ಪರೀಕ್ಷೆಯು 2008ರಲ್ಲಿ ಆರಂಭವಾದಾಗಿನಿಂದ ಬಹುಕಾಲ ಮೇ ತಿಂಗಳ ಆಸುಪಾಸಿನಲ್ಲಿ ನಡೆಯುತ್ತಿದ್ದುದು, 2022ರಿಂದೀಚೆಗೆ ಡಿಸೆಂಬರಿಗೆ ಸರಿದಿದೆ. ಅರ್ಜಿಯನ್ನು ಮಳೆಗಾಲದಲ್ಲಿಯೇ ಕರೆದು ದೀಪಾವಳಿಯ ಹಿಂದುಮುಂದಿನಲ್ಲಿ ಮುಗಿಸುತ್ತಾರೆ. ಎಂದರೆ ಪಿಯುಸಿ ಪಾಠಗಳು ಇನ್ನೂ ಪೂರ್ತಿಯಾಗದಿರುವಾಗಲೇ ಕಾನೂನು ಶಾಲೆಯ ಬಾಗಿಲು ತೆರೆದು ಮುಚ್ಚಿರುತ್ತದೆ. ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದ ವಿದ್ಯಾರ್ಥಿಗಳಿಗೆ ಆ ಶಾಲೆಯು ಶೇಕಡ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿದೆಯೆಂಬುದು ನಮ್ಮ ಹಳ್ಳಿಗಳ ಎಷ್ಟು ಮನೆಗಳಿಗೆ ಗೊತ್ತು? ಏಪ್ರಿಲಿನಲ್ಲಿ ಫಲಿತಾಂಶ ಬಂದು, ಹುಡುಗಿ ಚೆನ್ನಾಗಿ ಮಾತನಾಡುತ್ತಾಳೆ, ಲಾ ಓದಿಸಿರೆಂದು ಯಾರೋ ಹಿತೈಷಿಗಳು ಹೇಳುವ ಹೊತ್ತಿಗೆ ಆ ವರ್ಷದ ಅವಕಾಶ ನಾಲ್ಕು ತಿಂಗಳ ಹಿಂದೆಯೇ ತೀರಿಹೋಗಿರುತ್ತದೆ.

ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಪರೀಕ್ಷೆಯು 2019ರಿಂದ ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ, ಜನವರಿಯಲ್ಲೊಮ್ಮೆ ಏಪ್ರಿಲಿನಲ್ಲೊಮ್ಮೆ ನಡೆಯುತ್ತಿದೆ. ಎರಡನ್ನೂ ಬರೆದವರ ಅಂಕಗಳಲ್ಲಿ ಹೆಚ್ಚಿನದನ್ನೇ ಗಣಿಸುತ್ತಾರೆ. 2021ರಿಂದ ಕನ್ನಡದಲ್ಲಿಯೂ ಅದನ್ನು ಬರೆಯಬಹುದು. ನವೆಂಬರಿನ ಸುಮಾರಿಗೆ ಅರ್ಜಿ ಹಾಕಿದವನಿಗೆ ಎರಡು ಅವಕಾಶ, ಹಾಕದವನಿಗೆ ಒಂದು. ಜನವರಿಯ ಪರೀಕ್ಷೆಯಲ್ಲಿ ಅಂಕ ಕಡಮೆ ಬಂದರೂ ಪರೀಕ್ಷಾಮಂದಿರದ ಗಣಕಯಂತ್ರದ ಮುಂದೆ ಮೂರು ಗಂಟೆ ಕುಳಿತ ಅನುಭವವು, ಅಂತಹ ಮಂದಿರವನ್ನೇ ಕಾಣದ ಗ್ರಾಮೀಣ ವಿದ್ಯಾರ್ಥಿಗೆ ಏಪ್ರಿಲಿನಲ್ಲಿ ಕೈಹಿಡಿಯುವುದು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂತಹ ಖಾಸಗಿ ಸಂಸ್ಥೆಗಳು ಪದವಿ ಪ್ರವೇಶವನ್ನು ಸುತ್ತುಗಳಾಗಿ ವಿಂಗಡಿಸಿ, ಮೊದಲ ಸುತ್ತನ್ನು ವರ್ಷಾಂತ್ಯದ ವೇಳೆಗೆ ನಡೆಸುತ್ತವೆ. ಕುಟುಂಬದ ಆದಾಯವನ್ನು ನೋಡಿ ಬೋಧನಾಶುಲ್ಕ ಹಾಗೂ ವಸತಿಯ ವೆಚ್ಚದಲ್ಲಿ ರಿಯಾಯಿತಿಯನ್ನು ಕೊಡುವ ಪದ್ಧತಿಯೂ ಅಲ್ಲಿದೆ. ಮೊದಲ ಸುತ್ತಿನಲ್ಲಿಯೇ ಉತ್ತರ ತಿಳಿದ ಕುಟುಂಬಕ್ಕೆ ಹಣದ ಲೆಕ್ಕವನ್ನು ಸಮಾಧಾನದಿಂದ ಹಾಕಲು ತಿಂಗಳುಗಳ ಬಿಡುವು ದೊರೆಯುತ್ತದೆ. ಜೂನಿನಲ್ಲಿ ತಿಳಿದ ಕುಟುಂಬವು ಬಿತ್ತನೆಯ ಬೀಜಗೊಬ್ಬರಕ್ಕೆ ಕಾದಿಟ್ಟ ಹಣವನ್ನು ತೆಗೆಯಬೇಕಾಗುತ್ತದೆ, ಇಲ್ಲವೆ ಸಾಲಕ್ಕೆ ಕೈಚಾಚಬೇಕಾಗುತ್ತದೆ.

ಇಷ್ಟಾದರೂ, ಮುಂಚೆ ಅರ್ಜಿ ಹಾಕಿದವನಿಗೆ ಸ್ಥಾನವೇ ಮೊದಲು ಸಿಗುವುದೆಂಬ ಭಾವನೆಯನ್ನು ಯಾರೂ ಇಟ್ಟುಕೊಳ್ಳಬಾರದು. ಅಮೆರಿಕದ ಹೆಸರಾಂತ ಕಾಲೇಜುಗಳ ಪದ್ಧತಿಯನ್ನು ಕೇಳಿಬಲ್ಲ ನಮ್ಮವರಲ್ಲಿ, ಅಲ್ಲಿ ನೆಲೆಸಿದ ಬಂಧುಗಳ ಮಾತಿನಿಂದ, ಈ ಭಾವನೆ ಹರಡಿರುವುದುಂಟು. ಅಲ್ಲಿ ಹಲವು ಕಾಲೇಜುಗಳು ನವೆಂಬರ್ ಮೊದಲ ಪಕ್ಷದಲ್ಲಿಯೇ ಅರ್ಜಿ ಕೊಟ್ಟವರಿಗೆ ಡಿಸೆಂಬರ್ ಮಧ್ಯದಲ್ಲಿ ಉತ್ತರ ಹೇಳುತ್ತವೆ. ಕೆಲವೆಡೆ, ಆಯ್ಕೆಯಾದರೆ ಇಲ್ಲಿಗೇ ಬರುತ್ತೇನೆಂಬ ವಚನವನ್ನು ವಿದ್ಯಾರ್ಥಿಯು ಮೊದಲೇ ಕೊಡಬೇಕು. 2003ರಲ್ಲಿ ಏವರಿ, ಫೇರ್‌ಬ್ಯಾಂಕ್ಸ್ ಮತ್ತು ಝೆಕ್‌ಹೌಸರ್ ಎಂಬ ಮೂವರು ಪ್ರಕಟಿಸಿದ ಅಧ್ಯಯನಗ್ರಂಥವು, ಹಾಗೆ ಮುಂಚಿತವಾಗಿ ಅರ್ಜಿ ಹಾಕುವುದರ ಲಾಭವು ಎಸ್‌ಎಟಿ ಪರೀಕ್ಷೆಯಲ್ಲಿ ಸುಮಾರು 100 ಅಂಕ ಹೆಚ್ಚು ಪಡೆದುದಕ್ಕೆ ಸಮವೆಂದು ಅಂದಾಜು ಮಾಡಿತು. ಈ ಲಾಭವನ್ನು ಬಹುಮಟ್ಟಿಗೆ ಪಡೆಯುತ್ತಿದ್ದವರು ಉಳ್ಳವರ ಮಕ್ಕಳು. ಏಕೆಂದರೆ ಬಡವನ ಮಗನು ನಾಲ್ಕು ಕಾಲೇಜುಗಳು ಕೊಡುವ ವಿದ್ಯಾರ್ಥಿವೇತನವನ್ನು ತೂಗಿನೋಡದೆ ಒಂದಕ್ಕೇ ವಚನಬದ್ಧನಾಗಲಾರನು. ಈ ಅನ್ಯಾಯವನ್ನು ಮನಗಂಡು ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳು 2006ರಲ್ಲಿ ಮುಂಗಡ ಪ್ರವೇಶವನ್ನು ಕೈಬಿಡುವುದಾಗಿ ಸಾರಿದುವು. ಉಳಿದವುಗಳಲ್ಲಿ ಬಹುತೇಕ ಅನುಸರಿಸದ ಕಾರಣ 2011ರಲ್ಲಿ, ವಚನದ ಬಂಧನವಿಲ್ಲದ ರೂಪದಲ್ಲಿ, ಅದನ್ನು ಮರಳಿ ತಂದುವು.

ನಮ್ಮ ರಾಜ್ಯದ ಪದ್ಧತಿಯು ಈ ವಿಷಯದಲ್ಲಿ ಹೆಚ್ಚು ನ್ಯಾಯಯುತವಾದುದೆಂದು ಧೈರ್ಯವಾಗಿ ಹೇಳಬಹುದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಸಿಇಟಿಯಲ್ಲಿ ಎಂಜಿನಿಯರಿಂಗ್ ಕ್ರಮಾಂಕವು ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧವೆಂಬ ಲೆಕ್ಕದಿಂದ ನಿರ್ಣಯವಾಗುತ್ತದೆ. ಕಾಲೇಜುಗಳ ಆಯ್ಕೆಪಟ್ಟಿಯನ್ನು ಮೊದಲ ದಿನ ತುಂಬಿದವನಿಗೂ ಕೊನೆಯ ದಿನ ತುಂಬಿದವನಿಗೂ ಹಂಚಿಕೆಯಲ್ಲಿ ಎಳ್ಳಷ್ಟೂ ಭೇದವಿಲ್ಲ. ಹಾಗಾದರೆ ಮುಂಚೆ ಹೊರಡುವುದರಿಂದ ಲಾಭವೇನು? ಲಾಭವಿರುವುದು ಕಾಗದಪತ್ರಗಳಲ್ಲಿ, ಮತ್ತು ಕೊಹಿನೂರದ ವಿದ್ಯಾರ್ಥಿಗೆ ಆ ಕಾಗದಪತ್ರಗಳ ಬೆಲೆ ರಾಜ್ಯದ ಬೇರೆಡೆಯವರಿಗಿಂತ ಬಹಳ ಹೆಚ್ಚು.

1956ರ ನವೆಂಬರ್ 1ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದ ಈ ಭಾಗವು ವಿದ್ಯೆಯಲ್ಲಿ ಎಷ್ಟು ಹಿಂದುಳಿದಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. ಉನ್ನತ ವ್ಯಾಸಂಗಕ್ಕೆ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೇ ಗತಿಯಾಗಿದ್ದು, ಅಲ್ಲಿ ಮೂರು ದಶಕ ಪಾಠ ನಡೆದುದು ಉರ್ದುವಿನಲ್ಲಿ. ಕಲಬುರಗಿಯಲ್ಲಿ ಎಂಜಿನಿಯರಿಂಗ್ ಕಾಲೇಜು ತಲೆಯೆತ್ತಿದುದು 1958ರಲ್ಲಿ, ವೈದ್ಯಕೀಯ ಕಾಲೇಜು 1963ರಲ್ಲಿ, ವಿಶ್ವವಿದ್ಯಾಲಯ 1980ರಲ್ಲಿ. ಆ ಹಿಂದುಳಿಯುವಿಕೆಗೆ ಪರಿಹಾರವಾಗಿ ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371ಜೆ ವಿಧಿ ಬಂದಿತು. ಅದರ ಆಧಾರದ ಮೇಲೆ 2013ರಲ್ಲಿ ಹೊರಟ ಆದೇಶದಂತೆ, ಕಲ್ಯಾಣ ಕರ್ನಾಟಕದೊಳಗಿನ ವಿದ್ಯಾಸಂಸ್ಥೆಗಳಲ್ಲಿ ಶೇಕಡ 70ರಷ್ಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡ 8ರಷ್ಟು ಸ್ಥಾನಗಳು ಈ ಪ್ರದೇಶದವರಿಗೆ ಮೀಸಲಾಗಿವೆ. ಇದರ ಜೊತೆಗೆ ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇಕಡ 15, ಅದೇ ಅವಧಿಯನ್ನು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5ರ ಮೀಸಲಾತಿಯೂ ಇದೆ. ಹಳ್ಳಿಯ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಹುಡುಗನಿಗೆ ಈ ಮೂರೂ ಸಲ್ಲುವ ಸಂಭವವಿದೆ. ಆದರೆ ಹಕ್ಕು ಇರುವುದು ಬೇರೆ, ಅದನ್ನು ಅರ್ಜಿ ತುಂಬುವ ವೇಳೆ ದಾಖಲೆ ಸಹಿತ ಕೇಳುವುದು ಬೇರೆ. ಕಾಲಮಿತಿಯೊಳಗೆ ಕೇಳದ ಹಕ್ಕು ಆ ವರ್ಷಕ್ಕೆ ಇಲ್ಲದ ಹಕ್ಕೇ ಸರಿ.

371ಜೆ ಅರ್ಹತಾ ಪತ್ರವನ್ನು ಕೊಡುವವರು ಕಂದಾಯ ಉಪವಿಭಾಗದ ಸಹಾಯಕ ಆಯುಕ್ತರು. ಅವರ ಕಚೇರಿ ಬಸವಕಲ್ಯಾಣದಲ್ಲಿಯೇ ಇದೆ. ಈ ಪ್ರದೇಶದಲ್ಲಿ ಹುಟ್ಟಿದವರು, ಅಥವಾ 2013ರ ಜನವರಿ 1ಕ್ಕೆ ಮುಂಚೆ 10 ವರ್ಷಕ್ಕೆ ಕಡಮೆಯಿಲ್ಲದಂತೆ ಇಲ್ಲಿ ವಾಸಿಸಿದವರು, ಮತ್ತು ಅಂತಹವರ ಮಕ್ಕಳು ಅದಕ್ಕೆ ಅರ್ಹರು. ಅರ್ಹತೆಯನ್ನು ಸ್ಥಾಪಿಸಲು ಜನನಪತ್ರವೋ ಶಾಲಾ ದಾಖಲೆಯೋ ತಂದೆತಾಯಿಗಳ ದಾಖಲೆಗಳೋ ಬೇಕು. ತೊಡಕು ಹುಟ್ಟುವುದು ಇಲ್ಲಿಯೇ. ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ, ಪಹಣಿಯಲ್ಲಿ ಮತ್ತೊಂದು ಬಗೆ. ಉರ್ದು, ಮರಾಠಿ, ಕನ್ನಡ ಮೂರೂ ಬಳಕೆಯಲ್ಲಿರುವ ಈ ಗಡಿಭಾಗದಲ್ಲಿ ಒಂದೇ ಹೆಸರನ್ನು ಮೂವರು ಗುಮಾಸ್ತರು ಮೂರು ವಿಧವಾಗಿ ಬರೆದಿರುವುದು ಸಹಜ. ಅದನ್ನು ತಿದ್ದಿಸುವುದಕ್ಕೆ ಮಾತ್ರ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಜಾತಿ ಹಾಗೂ ಆದಾಯ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಆರ್‌ಡಿ ಸಂಖ್ಯೆಯನ್ನು ಪಡೆಯಬೇಕು. ವ್ಯಾಸಂಗ ಪ್ರಮಾಣಪತ್ರಗಳಿಗೆ ಓದಿದ ಶಾಲೆಗಳ ಮುಖ್ಯೋಪಾಧ್ಯಾಯರ ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಬೇಕು. ಈಚೆಗೆ ಶಾಲಾ ದಾಖಲೆಗಳು ಗಣಕೀಕೃತವಾಗಿ ಈ ಓಡಾಟ ಕೊಂಚ ಕಡಮೆಯಾಗಿರುವುದು ಸಂತೋಷದ ವಿಷಯ. ಆದರೂ ಜನವರಿ ಫೆಬ್ರವರಿಗಳಲ್ಲಿ ಸಿಇಟಿ ಅರ್ಜಿ ತೆರೆದಾಗ ಜಿಲ್ಲೆಯ ವಿದ್ಯಾರ್ಥಿಗಳೆಲ್ಲ ಏಕಕಾಲಕ್ಕೆ ಅವೇ ಕಚೇರಿಗಳ ಮುಂದೆ ನಿಲ್ಲುತ್ತಾರೆ. ಅದು ಪ್ರಾಯೋಗಿಕ ಪರೀಕ್ಷೆ, ಪೂರ್ವಸಿದ್ಧತಾ ಪರೀಕ್ಷೆಗಳ ಕಾಲ. ಓದಬೇಕಾದ ಹುಡುಗ ಸರತಿಯಲ್ಲಿ ನಿಂತಿರುತ್ತಾನೆ. ಆದಾಯ ಪ್ರಮಾಣಪತ್ರವು 5 ವರ್ಷ ಚಾಲ್ತಿಯಲ್ಲಿರುವುದರಿಂದ ಪ್ರಥಮ ಪಿಯುಸಿ ಮುಗಿದ ಬೇಸಿಗೆ ರಜೆಯಲ್ಲಿಯೇ ಇವೆಲ್ಲವನ್ನೂ ಪಡೆದಿಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಸೈಬರ್ ಅಂಗಡಿಯಲ್ಲಿ ಕೊನೆಯ ರಾತ್ರಿ ಸರ್ವರ್ ನಿಂತುಹೋಗಿ, ಓಟಿಪಿ ಬಾರದೆ, ಬೇರೆಯವರ ಮೊಬೈಲ್ ಸಂಖ್ಯೆಯನ್ನು ಕೊಟ್ಟು ಅರ್ಜಿ ಮುಗಿಸುವ ವಿಪತ್ತಿನಿಂದಲೂ ಆಗ ಪಾರಾಗಬಹುದು. ಆ ಮೊಬೈಲ್ ಸಂಖ್ಯೆಗೇ ಮುಂದಿನ ಎಲ್ಲ ಸೂಚನೆಗಳೂ ಹೋಗುವುವಾದ್ದರಿಂದ, ಅದು ಮನೆಯವರದೇ ಆಗಿರಬೇಕಾದುದು ಅತ್ಯವಶ್ಯ.

ಅರ್ಜಿಯ ತಿಂಗಳುಗಳಿಗಿಂತಲೂ ಹಿಂದಕ್ಕೆ ಹೋಗಿ ಯೋಚಿಸಬೇಕಾದ ಒಂದು ಸಂಗತಿ ಗಡಿಯ ಈ ತಾಲ್ಲೂಕಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದೊಡನೆ ಮಕ್ಕಳನ್ನು ಕೋಚಿಂಗಿಗೆಂದು ಲಾತೂರಿಗೋ ಹೈದರಾಬಾದಿಗೋ ಕಳುಹಿಸುವುದು ಇಲ್ಲಿ ಸಾಮಾನ್ಯ. ಅಲ್ಲಿಯ ಶಿಕ್ಷಣದ ಗುಣದ ಬಗ್ಗೆ ನನ್ನ ಆಕ್ಷೇಪವಿಲ್ಲ. ಆದರೆ ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಂತಹ ಎನ್‌ಐಟಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಆಯಾ ರಾಜ್ಯದವರಿಗೆ ಮೀಸಲಾಗಿದ್ದು, ವಿದ್ಯಾರ್ಥಿಯು ಯಾವ ರಾಜ್ಯದವನೆಂಬುದನ್ನು ಅವನು ಹನ್ನೆರಡನೆಯ ತರಗತಿಯನ್ನು ಎಲ್ಲಿ ಮುಗಿಸಿದನೆಂಬುದರಿಂದ ನಿರ್ಣಯಿಸುತ್ತಾರೆ. ಅವನು ಹುಟ್ಟಿದ ಊರನ್ನಾಗಲಿ ಪಡಿತರ ಚೀಟಿಯನ್ನಾಗಲಿ ನೋಡುವುದಿಲ್ಲ. ಲಾತೂರಿನಲ್ಲಿ ಹನ್ನೆರಡನೆಯದನ್ನು ಮುಗಿಸಿದ ಕೊಹಿನೂರದ ಹುಡುಗನು ಆ ಹಂಚಿಕೆಯಲ್ಲಿ ಮಹಾರಾಷ್ಟ್ರದವನಾಗುತ್ತಾನೆ. ಸುರತ್ಕಲ್ಲಿನಲ್ಲಿ ಅವನು ಹೊರರಾಜ್ಯದವನು. ಕರ್ನಾಟಕದ ಸಿಇಟಿಯ ನಿಯಮ ಇಷ್ಟು ಕಠಿನವಲ್ಲ: ರಾಜ್ಯದಲ್ಲಿ ಒಟ್ಟು 7 ವರ್ಷ ಓದಿ, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಎರಡರಲ್ಲಿ ಒಂದನ್ನಾದರೂ ಇಲ್ಲಿ ಪಾಸಾಗಿದ್ದರೆ ಅರ್ಹತೆ ಉಳಿಯುತ್ತದೆ. ಹೀಗಿರುವಾಗ ಪ್ರಥಮ ಪಿಯುಸಿಗೆ ಎಲ್ಲಿ ಸೇರಿಸಬೇಕೆಂಬ ನಿರ್ಧಾರದಲ್ಲಿಯೇ ಮುಂದಿನ ಕಾಲೇಜಿನ ನಿರ್ಧಾರವೂ ಅಡಗಿರುತ್ತದೆಯೆಂಬುದನ್ನು ತಾಯಿತಂದೆಗಳು ಆ ಬೇಸಿಗೆಯಲ್ಲಿಯೇ ತಿಳಿದಿದ್ದರೆ, ಕಳುಹಿಸುವುದಾದರೂ ಲಾಭನಷ್ಟಗಳನ್ನು ಬಲ್ಲವರಾಗಿ ಕಳುಹಿಸಬಹುದು.

ಇನ್ನೂ ಹಿಂದಕ್ಕೆ ಹೋಗುವುದಾದರೆ ನವೋದಯ ವಿದ್ಯಾಲಯವಿದೆ. ನಮ್ಮ ಜಿಲ್ಲೆಯದು ಬಸವಕಲ್ಯಾಣದ ಬಳಿಯ ನಾರಾಯಣಪುರದಲ್ಲಿದೆ. ಆರನೆಯ ತರಗತಿಗೆ 80 ಮಕ್ಕಳನ್ನು ಆರಿಸುವ ಆ ಪರೀಕ್ಷೆಯಲ್ಲಿ ಕನಿಷ್ಠ ಶೇಕಡ 75 ಸ್ಥಾನಗಳು ಗ್ರಾಮೀಣ ಮಕ್ಕಳಿಗೆ, ಮೂರರಲ್ಲೊಂದು ಪಾಲು ಬಾಲಕಿಯರಿಗೆ, ಕನ್ನಡದಲ್ಲಿಯೂ ಬರೆಯಬಹುದು. ಮಗುವೊಂದು ಈ ಪರೀಕ್ಷೆಯನ್ನು ಒಮ್ಮೆ ಮಾತ್ರ ಬರೆಯಬಹುದೆಂಬುದು ನಿಯಮ. ಐದನೆಯ ತರಗತಿಯ ಮಳೆಗಾಲದಲ್ಲಿ ಅರ್ಜಿ ಹಾಕಲು ಮರೆತರೆ ಮುಂದಿನ ವರ್ಷ ಆ ತರಗತಿಗೆ ಮತ್ತೆ ಅವಕಾಶವಿಲ್ಲ.

ಮುಂಚೆ ಹೊರಡಿರೆಂದು ಹೇಳುವಾಗ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ಅಪಚಾರವಾದೀತು. ದೊಡ್ಡ ನಗರಗಳ ಕೆಲವು ಖಾಸಗಿ ಕಾಲೇಜುಗಳ ಮಧ್ಯವರ್ತಿಗಳು ಪಿಯುಸಿ ಪರೀಕ್ಷೆಗೂ ಮೊದಲೇ ಫೋನು ಮಾಡಿ, ಈಗಲೇ ಇಷ್ಟು ಹಣ ಕಟ್ಟಿದರೆ ಸೀಟು ನಿಮ್ಮದು, ತಡಮಾಡಿದರೆ ದರ ಏರುವುದು ಎಂದು ತ್ವರೆ ಹುಟ್ಟಿಸುತ್ತಾರೆ. ಅರ್ಜಿಯನ್ನು ಮುಂಚೆ ಕೊಡುವುದಕ್ಕೂ ಹಣವನ್ನು ಮುಂಚೆ ಕೊಡುವುದಕ್ಕೂ ಇರುವ ವ್ಯತ್ಯಾಸ ಬಹಳ ದೊಡ್ಡದು. ಅಮೆರಿಕದ ವಚನಬದ್ಧ ಅರ್ಜಿಯು ಬಡವನನ್ನು ಕಟ್ಟಿಹಾಕುವಂತೆಯೇ ಈ ಮುಂಗಡವೂ ಕಟ್ಟಿಹಾಕುತ್ತದೆ. ಸಿಇಟಿಯಲ್ಲಿ ಉತ್ತಮ ಸರ್ಕಾರಿ ಸ್ಥಾನ ದೊರೆತ ಮೇಲೂ, ಕಟ್ಟಿದ ಹಣ ಹೋದೀತೆಂಬ ಅಂಜಿಕೆಯಿಂದ ಆ ಸ್ಥಾನವನ್ನು ಬಿಟ್ಟುಕೊಡುವ ಕುಟುಂಬಗಳುಂಟು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ 15 ದಿನ ಅಥವಾ ಇನ್ನೂ ಮುಂಚೆ ಸ್ಥಾನವನ್ನು ಬಿಟ್ಟವರಿಗೆ ಪೂರ್ಣ ಶುಲ್ಕವನ್ನು ಹಿಂದಿರುಗಿಸಬೇಕು. ನಿರ್ವಹಣಾ ವೆಚ್ಚವೆಂದು ಶೇಕಡ 5ನ್ನು, ಅದೂ 5000 ರೂಪಾಯಿ ಮೀರದಂತೆ, ಮುರಿದುಕೊಳ್ಳಬಹುದು. ಅನಂತರ ಶೇಕಡ 90, 80, 50 ಎಂದು ಇಳಿಯುತ್ತಾ ಕೊನೆಯ ದಿನದಿಂದ 30 ದಿನ ಕಳೆದರೆ ಏನೂ ಬಾರದು. ಮೂಲ ಅಂಕಪಟ್ಟಿಗಳನ್ನು ಕಾಲೇಜು ತನ್ನಲ್ಲಿ ಇಟ್ಟುಕೊಳ್ಳಕೂಡದೆಂದೂ ಅದರಲ್ಲಿದೆ. ಆ ಕಾರಣ ಹಣ ಕಟ್ಟಲೇಬೇಕಾದವರು ರಸೀದಿಯನ್ನು ಕಾಲೇಜಿನ ಹೆಸರಿನಲ್ಲಿಯೇ ಪಡೆಯಬೇಕು. ಮಧ್ಯವರ್ತಿಯ ಕೈಗೆ ಕೊಟ್ಟ ನಗದಿಗೆ ಯಾವ ಅಧಿಸೂಚನೆಯ ರಕ್ಷಣೆಯೂ ದೊರೆಯದು.

ಇಷ್ಟನ್ನೆಲ್ಲ ಹೊಲದಲ್ಲಿ ದುಡಿಯುವ ತಾಯಿತಂದೆಗಳು ತಾವಾಗಿಯೇ ಅರಿತಿರಬೇಕೆಂದು ನಿರೀಕ್ಷಿಸುವುದು ನಿರ್ದಯವಾದೀತು. ತಾಲ್ಲೂಕಿನ ಪದವಿಪೂರ್ವ ಕಾಲೇಜುಗಳ ಉಪನ್ಯಾಸಕರು ಜೂನ್ ತಿಂಗಳ ಒಂದು ದಿನವನ್ನು ಇದಕ್ಕಾಗಿ ಮೀಸಲಿಟ್ಟು, ಆ ವರ್ಷದ ಪ್ರವೇಶ ಪರೀಕ್ಷೆಗಳ ತಿಂಗಳುಗಳನ್ನು ಸೂಚನಾಫಲಕದಲ್ಲಿ ಕನ್ನಡದಲ್ಲಿ ಬರೆದು, ಆಸಕ್ತಿಯುಳ್ಳ ವಿದ್ಯಾರ್ಥಿಗಳ ಪಟ್ಟಿಯನ್ನು ಮಾಡಿಕೊಳ್ಳಬಹುದು. ಕಾಲೇಜಿನ ಗಣಕಯಂತ್ರದಲ್ಲಿಯೇ ಅರ್ಜಿ ತುಂಬಿಸಿದರಂತೂ ಸೈಬರ್ ಅಂಗಡಿಯ ಖರ್ಚೂ ಉಳಿಯುತ್ತದೆ, ತಪ್ಪುಗಳೂ ಕಡಮೆಯಾಗುತ್ತವೆ. ಸಾಮಾನ್ಯ ವರ್ಗದವರಿಗೆ 4000 ರೂಪಾಯಿಯಷ್ಟಿರುವ ಕ್ಲ್ಯಾಟ್‌ನಂತಹ ದುಬಾರಿ ಅರ್ಜಿಶುಲ್ಕವನ್ನು, ಯೋಗ್ಯತೆಯುಳ್ಳ ಇಬ್ಬರು ಮೂವರು ಬಡಮಕ್ಕಳಿಗಾದರೂ, ಊರಿನ ಹಳೆಯ ವಿದ್ಯಾರ್ಥಿಗಳು, ಬೀದರ ಕಲಬುರಗಿಗಳಲ್ಲಿ ಉದ್ಯೋಗದಲ್ಲಿರುವವರು, ಸೇರಿ ಭರಿಸಲಾರರೆ? ಕಂದಾಯ ಇಲಾಖೆಯೂ ಪಿಂಚಣಿ ಅದಾಲತ್ತುಗಳನ್ನು ಹೋಬಳಿಗಳಲ್ಲಿ ನಡೆಸಿರುವಂತೆ, 371ಜೆ ಪತ್ರಗಳಿಗಾಗಿ ಪ್ರಥಮ ಪಿಯುಸಿ ವಿದ್ಯಾರ್ಥಿಗಳ ಶಿಬಿರವೊಂದನ್ನು ಬೇಸಿಗೆಯಲ್ಲಿ ಕೊಹಿನೂರದಲ್ಲಿಯೇ ನಡೆಸಿದರೆ, ಫೆಬ್ರವರಿಯಲ್ಲಿ ಬಸವಕಲ್ಯಾಣದ ಕಚೇರಿಯ ಮುಂದೆ ಸೇರುವ ಜನಸಂದಣಿಯಲ್ಲಿ ಬಹುಪಾಲು ಕರಗುವುದು. ಅಲ್ಲಿಯವರೆಗೆ, ಈ ವರ್ಷ ಪ್ರಥಮ ಪಿಯುಸಿಯಲ್ಲಿರುವ ಮಕ್ಕಳ ಮನೆಯವರು ಮೊದಲು ಮಾಡಬೇಕಾದುದು ಒಂದೇ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ಆಧಾರ್ ಪತ್ರವನ್ನೂ ಪಕ್ಕಪಕ್ಕದಲ್ಲಿಟ್ಟು, ಮಗುವಿನ ಮತ್ತು ತಂದೆತಾಯಿಗಳ ಹೆಸರುಗಳೂ ಜನ್ಮದಿನಾಂಕವೂ ಅಕ್ಷರಶಃ ಒಂದೇ ಆಗಿವೆಯೇ ಎಂದು ನೋಡಿ, ಆಗಿಲ್ಲದಿದ್ದರೆ ತಿದ್ದುಪಡಿಯ ಅರ್ಜಿಯನ್ನು ಈ ತಿಂಗಳೇ ಕೊಡುವುದು.